ಮಸುಕು ದೈತ್ಯ

"ಎಡಗೈದಾಗ ಇಟ್ಟಿದಿ ಹೌದಿಲ್ಲೋ?"

ಜಗದೇವಮ್ಮ ಮೂರನೆಯ ಸಲ ಕೇಳಿದಾಗ ಶಿವರಂಜನ್ ಬಾಗಿಲ ಬಳಿ ಒಂದು ಕಾಲು ಎತ್ತಿಕೊಂಡು ಶೂ ಹಾಕಿಕೊಳ್ಳುತ್ತಿದ್ದ. ಒಂಟಿ ಕಾಲಲ್ಲಿ ನಿಂತು ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ಗೋಡೆ ಹಿಡಿದುಕೊಂಡ.

"ಇಟ್ಟೀನಿ ಅಂದ್ನಲ್ಲವ್ವಾ."

"ನಾಳಿ ಅಯ್ಯನೋರು ಬರ್ತಾರ. ಕೇಳ್ತಾರ. ಅದಕ್ಕ ಕೇಳ್ದೆ."

ತಾಯಿಯ ದನಿಯಲ್ಲಿ ಅನುಮಾನವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಒಳಗಿನಿಂದ ಮಗಳು ತೇಜಶ್ರೀ, ಕಾಫಿ ಆರಿಹೋಗುತ್ತಿದೆಯೆಂದು ತಮಿಳಿನಲ್ಲಿ ಅಜ್ಜಿಯನ್ನು ಕರೆದಳು. ಅಜ್ಜಿ ಬಂದೆನವ್ವಾ ಎಂದು ಕಲಬುರಗಿಯ ಕನ್ನಡದಲ್ಲಿ ಓಗೊಟ್ಟಳು. ಆ ಮನೆಯಲ್ಲಿ ಎಲ್ಲರೂ ಹೀಗೆ ತಂತಮ್ಮ ಮಾತಿನಲ್ಲೇ ಇದ್ದುಕೊಂಡು ಸುಖವಾಗಿದ್ದರು.

ಅಪ್ಪ ಗುರುಬಸಪ್ಪ ತೀರಿಕೊಂಡು ಅಂದಿಗೆ ಹತ್ತು ದಿನ. ನಾಳೆ ಶಿವಗಣಾರಾಧನೆ.

ಶಿವರಂಜನ್ ಕಾರು ತೆಗೆದು ಪೆರುಂಗುಡಿಯ ದಾರಿ ಹಿಡಿದ. ಅಲ್ಲಿ ಒಂದು ಕಂಪನಿಯವರು ತಿಂಗಳಿಗೊಮ್ಮೆ ಊಟದ ಹೊತ್ತಿನಲ್ಲಿ ಯಾರನ್ನಾದರೂ ಕರೆಸಿ ಮಾತನಾಡಿಸುತ್ತಾರೆ. ಹೋದ ತಿಂಗಳು ಯೋಗದವರು ಬಂದಿದ್ದರು. ಈ ತಿಂಗಳು ನಕ್ಷತ್ರದವನು, ಅಂದರೆ ಖಗೋಳ ವಿಜ್ಞಾನಿಯಾದ ಇವನು. ಹನ್ನೆರಡು ವರ್ಷದಿಂದ ಅವನು ಒಂದೇ ಒಂದು ನಕ್ಷತ್ರದ ಬೆನ್ನು ಹತ್ತಿದ್ದಾನೆ. ಅದಕ್ಕೆ ಹೆಸರಿಲ್ಲ, ಪಟ್ಟಿಯಲ್ಲೊಂದು ಸಂಖ್ಯೆಯಿದೆ. ಅಪ್ಪ ಇದ್ದಾಗ ವಾರಕ್ಕೊಮ್ಮೆಯಾದರೂ, ಹೆಂಗದ ನಿನ್ನ ಚುಕ್ಕಿ, ಅರಾಮದನ, ಎಂದು ನೆಂಟರನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದ. ಅರಾಮದ ಎಂದು ಇವನೂ ಹೇಳುತ್ತಿದ್ದ. ತಂದೆ-ಮಗನ ನಡುವೆ ಉಳಿದಿದ್ದ ಮಾತು ಬಹುಮಟ್ಟಿಗೆ ಅದೇ.

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಎದುರಿನ ಗಾಜಿನ ಕೆಳಗಿದ್ದ ಪುಟ್ಟ ಖಾನೆಯ ಕಡೆಗೆ ಅವನು ನೋಡಲಿಲ್ಲ. ಹತ್ತು ದಿನದಿಂದ ನೋಡಿರಲಿಲ್ಲ. ಅದರಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲವಿತ್ತು, ಚೀಲದಲ್ಲಿ ಅಪ್ಪನ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಅಪ್ಪನ ಇಷ್ಟಲಿಂಗ.

ನಡೆದದ್ದು ಇಷ್ಟೇ. ತಲೆಯ ಸ್ಕ್ಯಾನ್ ಮಾಡುವಾಗ ಮೈಮೇಲೆ ಲೋಹ ಇರಬಾರದೆಂದು ನರ್ಸಮ್ಮ ಅಪ್ಪನ ಕೊರಳಿಂದ ಶಿವದಾರ ಸಮೇತ ಕರಡಿಗೆಯನ್ನು ತೆಗೆದು ಇವನ ಕೈಗೆ ಕೊಟ್ಟಳು. ಎಪ್ಪತ್ತೊಂದು ವರ್ಷದಲ್ಲಿ ಅದು ಆ ಎದೆಯನ್ನು ಬಿಟ್ಟಿದ್ದು ಅದೇ ಮೊದಲು. ಅಪ್ಪ ಆಗಲೇ ಮಾತು ನಿಂತವನು, ಕೈಯಿಂದ ಎದೆ ತಡವಿಕೊಂಡ. ಶಿವರಂಜನ್, ನನ್ನ ಹತ್ತಿರ ಅದ, ಕೊಡ್ತೀನಿ ಎಂದ. ಆಮೇಲೆ ಕೊಡುವಂಥ ಹೊತ್ತು ಬರಲಿಲ್ಲ.

ಊರಿನ ಜಂಗಮರಾದ ಅಯ್ಯನವರು ಕಲಬುರಗಿಯಿಂದ ಅಷ್ಟು ಬೇಗ ಬರುವಂತಿರಲಿಲ್ಲ. ಸಮಾಧಿಯ ಹೊತ್ತಿಗೆ ಫೋನಿನಲ್ಲೇ ಮಂತ್ರ ಹೇಳಿದರು. ಗುಂಡಿಯಲ್ಲಿ ಅಪ್ಪನನ್ನು ಪದ್ಮಾಸನ ಹಾಕಿ ಕೂರಿಸಿದ್ದರು, ಹಣೆಗೆ ವಿಭೂತಿ ಬಳಿದಿದ್ದರು, ಬಿಲ್ವಪತ್ರಿ ಸುರಿದಿದ್ದರು. ಇವನು ಪಕ್ಕದಲ್ಲಿ ಇಳಿದು ನಿಂತಿದ್ದ. ಫೋನು, ಎಡಗೈಯಾಗ ಲಿಂಗ ಇಡ್ರಿ, ಅಂದಿತು. ಆಗ ನೆನಪಾಯಿತು, ಕರಡಿಗೆ ಕಾರಿನಲ್ಲಿದೆ. ಕಾರು ಗೇಟಿನಾಚೆ, ಇನ್ನೂರು ಹೆಜ್ಜೆ ದೂರ. ಗುದ್ದಲಿ ಹಿಡಿದ ಮುದುಕ ಮೇಲಿನಿಂದ, ಸಾರ್, ನೇರಂ ಆಚ್ಚು ಎಂದ, ಹೊತ್ತಾಯಿತೆಂದು. ಹಿಂದೆ ಇನ್ನೊಂದು ಮನೆಯವರು ಕಾದು ನಿಂತಿದ್ದರು. ಎಲ್ಲರೂ ಮೇಲಿನಿಂದ ಇವನ ಬೆನ್ನನ್ನೇ ನೋಡುತ್ತಿದ್ದರು.

"ಇಟ್ಟೀರಿ?" ಎಂದರು ಅಯ್ಯನವರು.

"ಇಟ್ಟೆ" ಎಂದ.

ನಂಬಿಕೆಯಿಲ್ಲದವನಿಗೆ ಆ ಒಂದು ಮಾತು ಭಾರವಾಗಬೇಕಿರಲಿಲ್ಲ. ಅವನ ಸ್ವಂತ ಲಿಂಗ ಕಾಲೇಜಿನ ದಿನಗಳಿಂದಲೂ ಕಪಾಟಿನ ಖಾನೆಯಲ್ಲಿ ಮಲಗಿದೆ. ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನೇ ನೋಡುತ್ತ ಕೂತವನು ಅದರಲ್ಲಿಯೇ ಬೆರೆತುಹೋಗುತ್ತಾನೆ ಎಂದು ಅಪ್ಪ ಹೇಳಿದಾಗಲೆಲ್ಲ ಇವನು ನಕ್ಕಿದ್ದಾನೆ. ಈಗ ಕಣ್ಣು ಮುಚ್ಚಿದರೆ ಮಣ್ಣಿನೊಳಗೆ ಅಪ್ಪ ಕೂತೇ ಇರುತ್ತಾನೆ, ಬರಿಯ ಅಂಗೈಯನ್ನು ನೋಡುತ್ತ.

ಕಂಪನಿಯಲ್ಲಿ ನಲವತ್ತು ಜನ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಮೊಸರನ್ನದ ವಾಸನೆಯ ನಡುವೆ ಅವನು ತನ್ನ ನಕ್ಷತ್ರವನ್ನು ಗೋಡೆಯ ಮೇಲೆ ತೋರಿಸಿದ. ಕೆಂಬಣ್ಣದ ಒಂದು ಚುಕ್ಕೆ. ನಮ್ಮ ಸೂರ್ಯನ ಹನ್ನೊಂದು ಪಟ್ಟು ಅಗಲ, ಸುಮಾರು ಐವತ್ತೆಂಟು ಸೂರ್ಯರಷ್ಟು ಬೆಳಕು ಎಂದ. ಆದರೂ ಬರಿಗಣ್ಣಿಗೆ ಕಾಣುವುದಿಲ್ಲ, ನಾನೂರೈವತ್ತು ಜ್ಯೋತಿರ್ವರ್ಷ ದೂರ. ಹಾಗಾಗಿ ಮಸುಕು ದೈತ್ಯ.

ಅದರ ಒಡಲ ನಡುವಿನ ಜಲಜನಕ ಯಾವತ್ತೋ ಮುಗಿದಿದೆ ಎಂದು ವಿವರಿಸಿದ. ಈಗ ನಡುವಿನಲ್ಲಿ ಬರಿ ಬೂದಿ. ಬೂದಿ ಕುಗ್ಗುತ್ತದೆ, ಅದರ ಸುತ್ತಲಿನ ತೆಳುವಾದ ಪದರದಲ್ಲಿ ಮಾತ್ರ ಉರಿ. ಒಳಗೆ ಕುಗ್ಗಿದಷ್ಟೂ ಹೊರಗೆ ಉಬ್ಬುತ್ತದೆ, ಉಬ್ಬಿದಷ್ಟೂ ಮೇಲ್ಮೈ ತಣ್ಣಗಾಗುತ್ತದೆ, ಕೆಂಪಾಗುತ್ತದೆ. ಮುಂದೆ ಆ ಬೂದಿಗೂ ಕಿಡಿ ಹತ್ತುತ್ತದೆ, ಅದೂ ತೀರುತ್ತದೆ. ಕೊನೆಗೆ ಹೊರಗಿನದೆಲ್ಲ ಸಿಪ್ಪೆಯ ಹಾಗೆ ಕಳಚಿಹೋಗಿ ನಡುವೆ ಭೂಮಿಯಷ್ಟು ಸಣ್ಣ, ಬಿಳಿಯ ಒಂದು ಗುಂಡು ಉಳಿಯುತ್ತದೆ.

ಚಪ್ಪಾಳೆ ಬಿತ್ತು. ಡಬ್ಬಿಗಳು ಮುಚ್ಚಿಕೊಂಡವು. ನೇಹಾ ಎಂಬ ಹುಡುಗಿ ಮಾತ್ರ ಹತ್ತಿರ ಬಂದು ತಾನೂ ಕನ್ನಡದವಳೆಂದಳು.

"ಒಳಗೆ ಮುಗಿದುಹೋಗಿದೆ ಅಂತ ಹೊರಗಿಂದ ನೋಡಿದ್ರೆ ಗೊತ್ತಾಗುತ್ತಾ ಸರ್?"

"ಇಲ್ಲ. ದೊಡ್ಡದಾಗಿ, ಚೆನ್ನಾಗಿ ಕಾಣುತ್ತೆ."

"ನಮ್ಮ ಮ್ಯಾನೇಜರ್ ಥರ" ಎಂದು ಅವಳು ದನಿ ತಗ್ಗಿಸಿ ನಕ್ಕಳು. ಆಮೇಲೆ, "ಉಳಿಯೋ ಆ ಬಿಳೀದು ಉರೀತಾ ಇರುತ್ತಾ?"

"ಇಲ್ಲ. ಮೊದಲಿನ ಕಾವಷ್ಟೇ. ಅದೂ ಆರುತ್ತೆ."

"ಎಷ್ಟು ಹೊತ್ತಿಗೆ?"

"ಲೆಕ್ಕಕ್ಕೆ ಸಿಗದಷ್ಟು" ಎಂದ.

ಬಿಸಿಲಿನಲ್ಲಿ ನಿಂತಿದ್ದ ಕಾರು ಒಲೆಯಾಗಿತ್ತು. ಕೂತವನು ಮನೆಯ ದಾರಿ ಬಿಟ್ಟು ಸ್ಮಶಾನದ ದಾರಿ ಹಿಡಿದ. ಯೋಚನೆ ಸರಳವಾಗಿತ್ತು. ಮೇಲಿನ ಮಣ್ಣು ಮೊಳದಷ್ಟು ಸರಿಸಿ ಲಿಂಗವನ್ನು ಒಳಗಿಟ್ಟುಬಿಡುವುದು. ಅಂಗೈಗಲ್ಲದಿದ್ದರೂ ಅಂಗೈಯ ಹತ್ತಿರಕ್ಕೆ. ಆಮೇಲೆ ಇಟ್ಟೆ ಅನ್ನುವುದು ಪೂರ್ತಿ ಸುಳ್ಳಾಗುವುದಿಲ್ಲ. ನಂಬದವನು ಯಾಕೆ ಇಷ್ಟು ಅವಸರ ಮಾಡುತ್ತಿದ್ದಾನೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಅದೇ ಮುದುಕ ಸಿಕ್ಕ. ಗುರುತು ಹಿಡಿದ, ಗುದ್ದಲಿ ತಂದ. ಗುಪ್ಪೆಯ ಮೇಲಿನ ಚೆಂಡುಹೂವು ಒಣಗಿ ಕಾಗದವಾಗಿತ್ತು.

ಶಿವರಂಜನ್ ಖಾನೆ ತೆರೆದು ಚೀಲ ತೆಗೆದ. ಬೆಳ್ಳಿ ಕೈ ಸುಟ್ಟಿತು. ಕರಡಿಗೆಯ ಮುಚ್ಚಳ ಬರಲಿಲ್ಲ. ಒಳಗಿನದು ಉಬ್ಬಿ ಅಂಟಿಕೊಂಡಂತಿತ್ತು. ಕಾರಿನ ಕೀಲಿಯಿಂದ ಮೀಟಿದ. ಮುಚ್ಚಳ ಕಿತ್ತು ಬಂತು, ಜೊತೆಗೆ ಕರಿಯ ಚೂರುಗಳು ಉದುರಿದವು. ಲಿಂಗದ ಮೇಲಿನ ಕರಿಯ ಲೇಪ ಹತ್ತು ದಿನದ ಬಿಸಿಲಿಗೆ ಮೆತ್ತಗಾಗಿ, ಉಬ್ಬಿ, ಸೀಳಿತ್ತು. ಬೊಗಸೆಯಲ್ಲಿ ಸಿಪ್ಪೆಯೇ ಹೆಚ್ಚು. ನಡುವೆ ಹುಣಸೆ ಬೀಜದಷ್ಟು ಸಣ್ಣ, ಬಿಳಿಯ ಒಂದು ಕಲ್ಲು.

ಎಪ್ಪತ್ತೊಂದು ವರ್ಷ ಅಪ್ಪ ಪೂಜಿಸಿದ್ದರ ಒಳಗನ್ನು ಅಪ್ಪನೇ ನೋಡಿರಲಿಲ್ಲ.

ಸೀಳಿದ ಲಿಂಗವನ್ನು ಹಾಗೇ ಇಡುವಂತಿಲ್ಲ, ಗುರುವಿನ ಕೈಯಿಂದಲೇ ಮತ್ತೆ ಲೇಪ ಕಟ್ಟಿಸಬೇಕು. ಚಿಕ್ಕಂದಿನಲ್ಲಿ ಇವನು ತನ್ನದನ್ನು ಬೀಳಿಸಿದಾಗ ಅಪ್ಪ ಹಾಗೆಂದು ಊರಿಗೇ ಕರೆದೊಯ್ದಿದ್ದ. ಗುರು, ಅದೇ ಅಯ್ಯನವರು, ನಾಳೆ ಬೆಳಿಗ್ಗೆ ರೈಲಿಗೆ ಬರುತ್ತಾರೆ. ಅವರ ಕೈಗೆ ಇದನ್ನು ಕೊಡಬೇಕಾದರೆ ಅವ್ವನ ಎದುರಿನಲ್ಲೇ ಕೊಡಬೇಕು.

ಅವ್ವನ ಫೋನು ಬಂತು.

"ಎಲ್ಲಿದಿಯಪ್ಪಾ?"

"ಆಫೀಸ್ನಾಗ."

"ಒಂದ್ ಮಾತ ಹೇಳ್ಬೇಕಾಗಿತ್ತು. ಹತ್ತ ದಿನದಿಂದ ನನಗ ನಿದ್ದಿ ಇದ್ದಿಲ್ಲ. ಇವತ್ತ ನೀ ಮತ್ತ ಹೇಳ್ದಿ ನೋಡು, ಮಧ್ಯಾಹ್ನ ಹಂಗೇ ಕಣ್ಣ ಹತ್ತಿತು. ಅವರು ಲಿಂಗದಾಗ ಸೇರಿದ್ರು ಬಿಡು. ಇನ್ನ ನಾ ಅಳಂಗಿಲ್ಲ."

ಅವನು ಬಾಯಿ ತೆರೆದ. ಅವ್ವ ಕಾಯಲಿಲ್ಲ. ನಾಳೆಗೆ ಬಿಲ್ವಪತ್ರಿ ತರುವುದನ್ನು ಮರೆಯಬೇಡ ಎಂದು ಫೋನು ಇಟ್ಟಳು.

"ತೋಂಡವಾ ಸಾರ್?" ಎಂದು ಮುದುಕ ಕೇಳಿದ. ಅಗೆಯಲೇ ಎಂದು.

ಶಿವರಂಜನ್ ಗುಪ್ಪೆಯ ಪಕ್ಕದಲ್ಲಿ, ಬಿಸಿ ಮಣ್ಣಿನ ಮೇಲೆ, ಪ್ಯಾಂಟಿನ ಗೆರೆ ಕೆಡುವುದನ್ನೂ ನೋಡದೆ ಕೂತುಬಿಟ್ಟ. ಕೂತ ಮೇಲೆ ಕಾಲುಗಳು ತಾವಾಗಿಯೇ ಮಡಿಚಿಕೊಂಡವು. ಕಲ್ಲು ಎಡಗೈಯಲ್ಲಿತ್ತು. ತೆಗೆದಾಗ ಸುಡುತ್ತಿದ್ದದ್ದು ಈಗ ಉಗುರುಬೆಚ್ಚಗಿತ್ತು, ನೋಡುತ್ತಿದ್ದಂತೆ ಅದೂ ಇಳಿಯುತ್ತಿತ್ತು. ಮುದುಕ ಗುದ್ದಲಿಯ ಹಿಡಿಗೆ ಗದ್ದವೂರಿ ಕಾಯುತ್ತಿದ್ದ. ಮಣ್ಣಿನ ಮೇಲೊಬ್ಬ, ಕೆಳಗೊಬ್ಬ, ಇಬ್ಬರೂ ಒಂದೇ ರೀತಿ ಕೂತಿದ್ದರು, ತಲೆ ತಗ್ಗಿಸಿ, ತಂತಮ್ಮ ಅಂಗೈಯನ್ನು ನೋಡುತ್ತ.