ಟೇಪಿಗೆ ಸಿಗದ ಅಳತೆ

ಟೇಲರ್ ಅಂಗಡಿಯ ಮುಂದೆ ಇದ್ದದ್ದು ಎರಡೇ ಮೆಟ್ಟಿಲು. ಆದರೆ ಆ ಎರಡನ್ನು ಹತ್ತಲು ಇಂಚಪ್ಪನಿಗೆ ಈಚೆಗೆ ಬಾಗಿಲ ಚೌಕಟ್ಟು ಬೇಕು, ಪಕ್ಕದ ಗೋಡೆ ಬೇಕು, ಯಾರೂ ನೋಡುತ್ತಿಲ್ಲ ಎಂಬ ಧೈರ್ಯವೂ ಬೇಕು.

ಅವನ ಹೆಂಡತಿ ನೋಡುತ್ತಿದ್ದಳು. ಅಂಗಡಿಯ ಮೂಲೆಯಲ್ಲಿ ನಿಂತು ಇಸ್ತ್ರಿ ಮಾಡುವುದು ಅವಳ ಕೆಲಸ. ಕೈ ಬಟ್ಟೆಯ ಮೇಲಿದ್ದರೂ ಕಣ್ಣು ಅವನ ಕಾಲಿನ ಮೇಲೆ. ಕುರ್ಚಿಯಿಂದ ಏಳುವಾಗ ಅವನು ಎರಡೂ ಅಂಗೈಗಳನ್ನು ತೊಡೆಗೆ ಊರುತ್ತಿದ್ದ. ಹೋದ ವರ್ಷ ಒಂದು ಅಂಗೈ ಸಾಕಾಗಿತ್ತು.

ಇಂಚಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕೊರಳಲ್ಲಿ ಸದಾ ಅಳತೆಯ ಟೇಪು, ಕಾಲರ್ ಹಿಂದೆ ಸೂಜಿ, ಜೇಬಿನಲ್ಲಿ ಗುಂಡುಪಿನ್ನು. ಸಿಕ್ಕಿದ್ದನ್ನೆಲ್ಲ ಅಳೆಯುವ ಚಟ. ಬೇಕರಿಯವನ ಬ್ರೆಡ್ಡು ಮುಕ್ಕಾಲು ಇಂಚು ಗಿಡ್ಡವಾಗಿದೆ ಎಂದು ಪತ್ತೆ ಹಚ್ಚಿ ಬೀದಿಗೆಲ್ಲ ಸಾರಿದವನು ಅವನೇ.

ಎರಡು ವರ್ಷದ ಹಿಂದೆ ಅವನು ಸುಮ್ಮಸುಮ್ಮನೆ ಮುಗ್ಗರಿಸಿ ಬೀಳತೊಡಗಿದ. ಪರೀಕ್ಷೆಗಳೆಲ್ಲ ಆದ ಮೇಲೆ ವೈದ್ಯೆ ಕಾಯಿಲೆಯ ಹೆಸರು ಹೇಳಿದರು: ಮಸ್ಕ್ಯುಲರ್ ಡಿಸ್ಟ್ರಫಿ. ಅಂದರೆ ಸ್ನಾಯುಗಳು ವರ್ಷಗಳ ಕಾಲ ನಿಧಾನವಾಗಿ ಸವೆಯುವ ಕಾಯಿಲೆ. ಹುಟ್ಟಿನಿಂದಲೇ ಬಂದದ್ದು, ಯಾರ ತಪ್ಪೂ ಅಲ್ಲ. ಹೋದ ವರ್ಷ ಅವನ ಕಾಲುಗಳ ಎಂಆರ್‌ಐ ಸ್ಕ್ಯಾನ್ ಮಾಡಿಸಿ, "ಬರುವ ವರ್ಷ ಮತ್ತೆ ಬನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ" ಎಂದಿದ್ದರು.

ಆ ವರ್ಷ ತುಂಬಿ ಎರಡು ತಿಂಗಳಾಗಿತ್ತು. ಆಸ್ಪತ್ರೆಯ ಚೀಟಿ ಗುಂಡಿಯ ಡಬ್ಬಿಯ ಕೆಳಗೆ ಬೆಚ್ಚಗೆ ಮಲಗಿತ್ತು.

"ರೀ, ಆ ಚೀಟಿಗೆ ಕಾಲು ಬಂದು ಅದೇ ಆಸ್ಪತ್ರೆಗೆ ಹೋಗಲ್ಲ. ನೀವೇ ಹೋಗಬೇಕು" ಎಂದಳು ಹೆಂಡತಿ.

"ಯಾಕೆ ಹೋಗಬೇಕು? ನನ್ನ ಕಾಲಿನ ಲೆಕ್ಕ ನನ್ನ ಹತ್ರಾನೇ ಇದೆ" ಎಂದು ಇಂಚಪ್ಪ ಗಿರಾಕಿಗಳ ಅಳತೆ ಪುಸ್ತಕ ತೆರೆದ. ಅದರಲ್ಲಿ ತನಗೂ ಒಂದು ಪುಟ ಇಟ್ಟಿದ್ದ. ಪ್ರತಿ ತಿಂಗಳ ಮೊದಲ ಭಾನುವಾರ ಮೀನಖಂಡಕ್ಕೆ ಟೇಪು ಸುತ್ತಿ ಬರೆಯುತ್ತಿದ್ದ. "ನೋಡು. ಹೋದ ವರ್ಷ ಹದಿನೈದೂವರೆ. ಈ ತಿಂಗಳೂ ಹದಿನೈದೂವರೆ. ಎಡಗಾಲು ಕೂದಲೆಳೆಯಷ್ಟು ದಪ್ಪಾನೇ ಆಗಿದೆ. ಸವೆದಿದ್ರೆ ಟೇಪಿಗೆ ಗೊತ್ತಾಗ್ತಿರಲಿಲ್ವಾ?"

"ಮತ್ತೆ ಏಳುವಾಗ ಎರಡು ಕೈ ಯಾಕೆ?"

"ಎರಡು ಕೈ ಇದೆಯಲ್ಲ, ಅದಕ್ಕೆ."

ಇಷ್ಟೇ ಆಗಿದ್ದರೆ ಅವಳು ನಕ್ಕು ಬಿಡುತ್ತಿದ್ದಳೇನೋ. ಆದರೆ ಇಂಚಪ್ಪ ಅಂಗಡಿಯನ್ನು ಮಹಡಿಗೆ ಸಾಗಿಸಲು ಹೊರಟಿದ್ದ. ಮೇಲಿನ ಕೋಣೆ ದೊಡ್ಡದು, ಬೆಳಕು ಜಾಸ್ತಿ. ಹತ್ತಲು ಹದಿನೆಂಟು ಮೆಟ್ಟಿಲು. ಬರುವ ಸೋಮವಾರ ಕರಾರಿಗೆ ಸಹಿ ಹಾಕುವುದೆಂದು ಮಾತಾಗಿತ್ತು. ಕೆಳಗಿನ ಈ ಕೋಣೆಯನ್ನು ಪಕ್ಕದ ಸೈಕಲ್ ರಿಪೇರಿಯವನು ಆಗಲೇ ಕೇಳಿಯೂ ಇದ್ದ. ಒಮ್ಮೆ ಬಿಟ್ಟರೆ ಮತ್ತೆ ಸಿಗುವ ಹಾಗಿರಲಿಲ್ಲ. ಕಾಲು ಸೋತರೆ ಅಂಗಡಿ ಮೇಲೆ, ಟೇಲರ್ ಕೆಳಗೆ.

ಅದೇ ಹೊತ್ತಿಗೆ ಸ್ಕ್ಯಾನ್ ಅಕ್ಕ ಬಂದಳು. ಎದುರು ಮನೆಯವಳು, ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ನಡೆಸುವವಳು. ತೋಳು ಉದ್ದವಾದ ಬಿಳಿ ಕೋಟನ್ನು ಮೇಜಿನ ಮೇಲೆ ಹಾಕಿ, "ಅಣ್ಣ, ಇದನ್ನ ಹಾಕ್ಕೊಂಡ್ರೆ ನನ್ನ ಕೈ ಎಲ್ಲಿದೆ ಅಂತ ನಾನೇ ಹುಡುಕಬೇಕು. ಸ್ವಲ್ಪ ಗಿಡ್ಡ ಮಾಡಿಕೊಡಿ" ಎಂದಳು.

"ಒಳ್ಳೆ ಸಮಯಕ್ಕೆ ಬಂದೆ ಕಣೇ" ಎಂದು ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ನಿಮ್ಮಣ್ಣ ಈಗ ಡಾಕ್ಟರೂ ಆಗಿದ್ದಾರೆ. ಟೇಪ್ ಡಾಕ್ಟರು."

ಇಂಚಪ್ಪ ಹೆಮ್ಮೆಯಿಂದಲೇ ಪುಟ ತೋರಿಸಿದ. ಸ್ಕ್ಯಾನ್ ಅಕ್ಕ ನಗಲಿಲ್ಲ. ಗೋಡೆಗೆ ನೇತುಹಾಕಿದ್ದ, ಮುಗಿಯಲು ಬಂದ ಕೋಟೊಂದನ್ನು ನೋಡಿ, "ಇದು ಯಾರದು?" ಎಂದಳು.

"ಬ್ಯಾಂಕ್ ಮ್ಯಾನೇಜರದು. ಭುಜ ನೋಡು, ಪೈಲ್ವಾನನ ಥರ ಕಾಣಲ್ವಾ?"

"ಅವರ ಭುಜ ಹೀಗಿದೆಯಾ ಅಣ್ಣ?"

"ಎಲ್ಲಿ ಬಂತು! ಇಳಿದು ಹೋಗಿರೋ ಭುಜ. ಒಳಗೆ ಎರಡು ಪದರ ಪ್ಯಾಡ್ ಇಟ್ಟಿದ್ದೀನಿ."

"ಈಗ ಟೇಪು ಹಿಡಿದು ನೋಡಿದ್ರೆ?"

"ಟೇಪು ಏನು ಹೇಳತ್ತೆ? ಭರ್ಜರಿ ಭುಜ ಅನ್ನತ್ತೆ. ಒಳಗೆ ಭುಜ ಎಷ್ಟು, ಪ್ಯಾಡ್ ಎಷ್ಟು ಅಂತ ಟೇಪಿಗೆ..."

ಇಂಚಪ್ಪನ ಮಾತು ಅಲ್ಲೇ ನಿಂತಿತು. ಕೈ ತಾನಾಗಿ ಕೊರಳಿನ ಟೇಪನ್ನು ಹಿಡಿದುಕೊಂಡಿತು.

"ಅಷ್ಟೇ ಅಣ್ಣ" ಎಂದಳು ಸ್ಕ್ಯಾನ್ ಅಕ್ಕ ಮೆಲ್ಲಗೆ. "ಈ ಕಾಯಿಲೆಯಲ್ಲಿ ಸ್ನಾಯು ಸವೆದ ಜಾಗಕ್ಕೆ ಕೊಬ್ಬು ಬಂದು ಕೂರತ್ತೆ. ಹೊರಗಿಂದ ಕಾಲು ಅಷ್ಟೇ ದಪ್ಪ. ಕೆಲವರಿಗೆ ಮೀನಖಂಡ ಮೊದಲಿಗಿಂತ ದಪ್ಪಾನೂ ಕಾಣತ್ತೆ. ಕೆಲಸ ಮಾಡೋ ಸ್ನಾಯು ಎಷ್ಟು ಉಳಿದಿದೆ ಅನ್ನೋದು ಒಳಗೆ ನೋಡಿದ್ರೇ ಗೊತ್ತಾಗೋದು. ಎಂಆರ್‌ಐ ತೋರಿಸೋದು ಅದನ್ನೇ."

ಇಂಚಪ್ಪ ಮ್ಯಾನೇಜರ ಸುಳ್ಳು ಭುಜವನ್ನು ಒತ್ತಿ ನೋಡಿದ. "ಮೂವತ್ತು ವರ್ಷದಿಂದ ಟೇಪಿಗೆ ಟೋಪಿ ಹಾಕ್ಕೊಂಡು ಬಂದಿದ್ದೀನಿ. ಈಗ ನನ್ನ ಕಾಲೇ ನನಗೆ ಟೋಪಿ ಹಾಕ್ತಿದೆಯಲ್ಲ!" ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ಪದೇ ಪದೇ ಸ್ಕ್ಯಾನ್ ಮಾಡಿಸಿದ್ರೆ ಕಿರಣ ಗಿರಣ ಮೈಗೆ ಕೆಟ್ಟದ್ದಲ್ವಾ?" ಎಂದ.

"ಅದು ಎಕ್ಸ್‌ರೇ ಅಲ್ಲ ಅಣ್ಣ. ದೊಡ್ಡ ಅಯಸ್ಕಾಂತ, ರೇಡಿಯೋ ಅಲೆ, ಅಷ್ಟೇ. ನೋವಿಲ್ಲ. ಸದ್ದು ಮಾತ್ರ ಜಾಸ್ತಿ."

ಹೆಂಡತಿ ಗುಂಡಿಯ ಡಬ್ಬಿ ಎತ್ತಿ ಚೀಟಿ ತೆಗೆದಳು. ಅದನ್ನೂ ಇಸ್ತ್ರಿ ಮಾಡಿಯೇ ಅವನ ಕೈಗೆ ಕೊಟ್ಟಳು.

ಬುಧವಾರ ಇಬ್ಬರೂ ಆಸ್ಪತ್ರೆಗೆ ಹೋದರು. ವೈದ್ಯೆ ಅವನ ಕಾಲಿನ ಶಕ್ತಿ ಪರೀಕ್ಷಿಸಿ ಸ್ಕ್ಯಾನಿಗೆ ಕಳಿಸಿದರು. ಸ್ಕ್ಯಾನ್ ಕೋಣೆಯ ಹೊರಗೆ ಅಕ್ಕ ಒಂದು ಟ್ರೇ ಹಿಡಿದು ನಿಂತಿದ್ದಳು. "ಲೋಹದ್ದು ಏನೇ ಇದ್ರೂ ಇದರಲ್ಲಿ ಹಾಕಿ. ಒಳಗೆ ಬಂದ್ರೆ ಅಯಸ್ಕಾಂತ ಎಳೆದುಬಿಡತ್ತೆ. ಮೈಯೊಳಗೆ ಪೇಸ್‌ಮೇಕರ್, ರಾಡು, ಏನಾದ್ರೂ ಇದೆಯಾ?"

"ಮೈಯೊಳಗೆ ಏನಿಲ್ಲ. ಮೈ ಮೇಲೆ ಇದೆ" ಎಂದ ಇಂಚಪ್ಪ. ಕಾಲರಿನಿಂದ ಎರಡು ಸೂಜಿ ಬಂದವು. ಜೇಬಿನಿಂದ ಒಂಬತ್ತು ಗುಂಡುಪಿನ್ನು, ಒಂದು ಕೊಕ್ಕೆ, ಮಡಚಿದ ತೋಳಿನಿಂದ ಇನ್ನೊಂದು ಪಿನ್ನು.

"ಮುಗೀತಾ? ಅಂಗಡಿ ಇನ್ನೂ ಇದೆಯಾ?" ಎಂದಳು ಅಕ್ಕ. ಆಸ್ಪತ್ರೆಯ ಬಟ್ಟೆ ತೊಡಿಸಿ, ಮತ್ತೊಮ್ಮೆ ನೋಡಿದಾಗ ಟೇಪು ಮಾತ್ರ ಕೊರಳಲ್ಲೇ ಇತ್ತು. ಅದರ ಎರಡೂ ತುದಿಗೆ ಹಿತ್ತಾಳೆಯ ಪಟ್ಟಿ. "ಅದೂ ಬೇಡ ಅಣ್ಣ."

ಟೇಪಿಲ್ಲದ ಗಂಡನನ್ನು ಹೆಂಡತಿ ಅವನು ಮಲಗಿದಾಗ ಬಿಟ್ಟರೆ ನೋಡಿಯೇ ಇರಲಿಲ್ಲ. ಟೇಪನ್ನು ಸುರುಳಿ ಸುತ್ತಿ ಮುಷ್ಟಿಯಲ್ಲಿ ಇಟ್ಟುಕೊಂಡು ಹೊರಗೆ ಕುಳಿತಳು. ಮುಕ್ಕಾಲು ಗಂಟೆಯಲ್ಲಿ ಆ ಟೇಪು ಬೆವರಿನಿಂದ ಒದ್ದೆಯಾಯಿತು.

ಇಂಚಪ್ಪ ನಗುತ್ತಲೇ ಹೊರಗೆ ಬಂದ. "ಕಿವಿಗೆ ಬಿರಡೆ, ಕೈಗೊಂದು ಗುಂಡಿ ಕೊಟ್ರು, ಭಯ ಆದ್ರೆ ಒತ್ತೋಕೆ. ಅಲ್ಲಾಡಬೇಡಿ ಅಂದ್ರು. ಆಮೇಲೆ ಕಟಕಟ, ಗರಗರ! ಆ ಮೆಷಿನ್ನಿಗೆ ಎಣ್ಣೆ ಬಿಟ್ಟು ಯಾವ ಕಾಲ ಆಯ್ತೋ! ಯಾವ ಸದ್ದು ಯಾವ ಹೊಲಿಗೆ ಅಂತ ಎಣಿಸ್ತಾ ಮಲಗಿದ್ದೆ. ನಡುವೆ ನಿದ್ದೆ ಬಂತು."

ಶನಿವಾರ ವೈದ್ಯೆ ಎರಡು ಚಿತ್ರಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಇಟ್ಟರು. ಕಾಲನ್ನು ಅಡ್ಡಕ್ಕೆ ಕತ್ತರಿಸಿ ನೋಡಿದಂತಿದ್ದವು. "ಕಪ್ಪಗಿರೋದು ಸ್ನಾಯು. ಸ್ನಾಯುವಿನೊಳಗೆ ಬೆಳ್ಳಗೆ ಬಂದಿರೋದು ಕೊಬ್ಬು" ಎಂದರು.

ಹೆಂಡತಿಯ ಕಣ್ಣಿಗೆ ಮೊದಲು ಕಂಡಿತು. ಎಡ ತೊಡೆಯ ಹಿಂಭಾಗದಲ್ಲಿ ಹೋದ ವರ್ಷ ಬಿಳಿ ದಾರದಂಥ ಗೆರೆಗಳಿದ್ದವು. ಈ ವರ್ಷ ಅವು ಬಿಳಿ ತೇಪೆಗಳಾಗಿದ್ದವು. ಹದಿನೈದೂವರೆ ಇಂಚಿನ ಎಡ ಮೀನಖಂಡದಲ್ಲೂ ಬಿಳುಪು ಹೆಚ್ಚಿತ್ತು. ಇಂಚಪ್ಪ ಬಗ್ಗಿ ತನ್ನ ಮೀನಖಂಡವನ್ನು ಮುಟ್ಟಿ ನೋಡಿಕೊಂಡ.

"ಬೇಜಾರಾಗಬೇಡಿ, ಇದನ್ನೂ ನೋಡಿ" ಎಂದು ವೈದ್ಯೆ ಬಲ ತೊಡೆಯನ್ನು ತೋರಿಸಿದರು. "ಮುಂಭಾಗ ಹೋದ ವರ್ಷ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇದೆ. ಮೊನ್ನೆ ನಿಮ್ಮ ಕಾಲಿನ ಶಕ್ತಿ ಪರೀಕ್ಷೆ ಮಾಡಿದಾಗ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಚಿತ್ರಕ್ಕೆ ಕಂಡಿದೆ. ಸ್ಕ್ಯಾನ್ ಕಾಯಿಲೆ ವಾಸಿ ಮಾಡಲ್ಲ. ಆದ್ರೆ ಯಾವ ಸ್ನಾಯು ಎಷ್ಟು ಬದಲಾಗಿದೆ ಅಂತ ಹೇಳತ್ತೆ. ಅದರ ಮೇಲೆ ವ್ಯಾಯಾಮ, ಕೆಲಸ ಎಲ್ಲ ಹೊಂದಿಸಬಹುದು. ಮುಂದೆ ಹೊಸ ಔಷಧಿ ಬಂದಾಗ, ಅದು ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೂ ಇಂಥ ಚಿತ್ರಗಳೇ ಬೇಕು."

"ಅಂಗಡಿ ಮಹಡಿಗೆ ಸಾಗಿಸಬೇಕು ಅಂತಿದ್ದಾರೆ. ದಿನಕ್ಕೆ ಹತ್ತು ಸಲ ಹದಿನೆಂಟು ಮೆಟ್ಟಿಲು?" ಎಂದು ಹೆಂಡತಿ ಕೇಳಿಯೇ ಬಿಟ್ಟಳು.

"ದಿನಕ್ಕೆ ಹತ್ತು ಸಲವಾ? ಬೇಡವೇ ಬೇಡ. ಹೊಲಿಗೆ ಮೆಷಿನ್ನನ್ನು ಕಾಲಲ್ಲಿ ಸುಸ್ತಾಗುವಷ್ಟು ತುಳಿಯೋದೂ ಬೇಡ. ಮೋಟಾರ್ ಹಾಕಿಸಿ. ಹಗುರ ವ್ಯಾಯಾಮ ನಾವು ಕಲಿಸ್ತೀವಿ. ಹೃದಯದ ಪರೀಕ್ಷೆಯನ್ನೂ ತಪ್ಪಿಸಬೇಡಿ."

ಇಂಚಪ್ಪ ಕೊರಳಿನ ಟೇಪನ್ನು ಸರಿಮಾಡಿಕೊಂಡ. "ಅಂದ್ರೆ ಡಾಕ್ಟ್ರೇ, ಎಡಗಾಲಿಗೆ ಆಲ್ಟರೇಶನ್, ಬಲಗಾಲು ಫಿಟ್ಟಿಂಗ್ ಸರಿ ಇದೆ."

ವೈದ್ಯೆಗೆ ನಗು ತಡೆಯಲಾಗಲಿಲ್ಲ.

ಸೋಮವಾರ ಇಂಚಪ್ಪ ಸಹಿ ಹಾಕಲಿಲ್ಲ. ಸೈಕಲ್ ರಿಪೇರಿಯವನು ಮೊದಲು ಮುಖ ಊದಿಸಿಕೊಂಡ. ಕಾರಣ ತಿಳಿದ ಮೇಲೆ ಹಳೆಯ ಕೊಳವೆಯೊಂದನ್ನು ಬಗ್ಗಿಸಿ, ಆ ಎರಡು ಮೆಟ್ಟಿಲ ಪಕ್ಕ ಗಟ್ಟಿಯಾದ ಹಿಡಿಕೆ ಕೂರಿಸಿಕೊಟ್ಟ. ಇಂಚಪ್ಪ ಟೇಪು ಹಿಡಿದು ಅದರ ಎತ್ತರ ಕಾಲು ಇಂಚು ಹೆಚ್ಚೆಂದು ಹೇಳಿ, ಬೈಸಿಕೊಂಡು, ಸುಮ್ಮನಾದ.

ಅಳತೆ ಪುಸ್ತಕದ ಅವನ ಪುಟದಲ್ಲಿ ಹದಿನೈದೂವರೆಗಳ ಸಾಲಿಗೆ ಹೆಂಡತಿ ಅಡ್ಡಗೆರೆ ಎಳೆದಳು. ಕೆಳಗೆ ಮುಂದಿನ ಸ್ಕ್ಯಾನಿನ ತಾರೀಖು ಬರೆದಳು. ಈಗ ಇಂಚಪ್ಪ ಹಿಡಿಕೆ ಹಿಡಿದು ಎಲ್ಲರ ಕಣ್ಣೆದುರೇ ಮೆಟ್ಟಿಲು ಹತ್ತುತ್ತಾನೆ. ಅವಳೂ ಬಟ್ಟೆಯ ಮೇಲೇ ಕಣ್ಣಿಟ್ಟು, ಸುಡುವ ಭಯವಿಲ್ಲದೆ ಇಸ್ತ್ರಿ ಮಾಡುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಕಾಯಿಲೆ ಇದೆಯೇ? ಕೈಕಾಲು ದಪ್ಪಗಿದೆ, ಎಲ್ಲ ಸರಿಯಿದೆ ಎಂದು ಸುಮ್ಮನಾಗಬೇಡಿ. ಎಂಆರ್‌ಐ ಬೇಕೇ, ಎಷ್ಟು ದಿನಕ್ಕೊಮ್ಮೆ ಬೇಕು ಎಂದು ನಿಮ್ಮ ವೈದ್ಯರನ್ನೇ ಕೇಳಿ. ಹಳೆಯ ಸ್ಕ್ಯಾನನ್ನು ಜೋಪಾನ ಮಾಡಿ, ಹೊಸದರ ಜೊತೆ ಕೊಂಡೊಯ್ಯಿರಿ. ಎರಡೂ ಸೇರಿದರೇ ಬದಲಾವಣೆ ಕಾಣುವುದು. ಮೈಯೊಳಗೆ ಲೋಹವಿದ್ದರೆ ಮುಚ್ಚಿಡದೆ ಮೊದಲೇ ಹೇಳಿ. ನಿಮ್ಮ ಚೀಟಿ ಯಾವ ಡಬ್ಬಿಯ ಕೆಳಗಿದೆಯೋ, ಇವತ್ತೇ ಎತ್ತಿ ನೋಡಿ.

ಮತ್ತೆ, ಹೋಗುವಾಗ ಕಾಲರಿನ ಸೂಜಿ ಮನೆಯಲ್ಲೇ ಇರಲಿ.