ಭಾವನ ಡ್ರಾಯರಿನಲ್ಲಿದ್ದ ಸಹಿ

ಭಾವನ ಮುಖ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನ ಗಂಡ, ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್, ಅವಳಿಗೆ ಸ್ಟೋರ್ ಕೀಪರ್ ಕೆಲಸ ಕೊಡಿಸಿದ ಪುಣ್ಯಾತ್ಮ. ಕೊಡಿಸಿದ್ದನ್ನು ಕಂಡಕಂಡಾಗ ಎತ್ತಿ ಆಡುವವನೂ ಅವನೇ.

ಲಸಿಕೆ ತಯಾರಿಸುವವರು, ಸಾಗಿಸುವವರು, ಆಸ್ಪತ್ರೆಯವರು, ತಣ್ಣಗೆ ಕಾಯ್ದಿಡುವ ಇವರು, ಎಲ್ಲ ಸೇರಿ ಒಂದು ಬ್ಲಾಕ್‌ಚೈನ್ ಜಾಲ, ಅಂದರೆ ಎಲ್ಲರ ಕಂಪ್ಯೂಟರಿನಲ್ಲೂ ಉಳಿಯುವ ಒಂದೇ ದಾಖಲೆ ಪುಸ್ತಕ, ಕಟ್ಟಿಕೊಂಡಿದ್ದರು. ಗುರುತು ಪಡೆದವರಿಗಷ್ಟೇ ಒಳಗೆ ಪ್ರವೇಶ. ಲಸಿಕೆ ಹೊರಡುವ ಮುನ್ನ ಸ್ಟೋರ್ ಕೀಪರ್ ಪೆನ್‌ಡ್ರೈವಿನಂಥ ತನ್ನ ಟೋಕನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪಿನ್ ಒತ್ತಿ, ತಂಪು ಕೆಟ್ಟಿಲ್ಲವೆಂದು ಸಹಿ ಹಾಕಬೇಕು. ಆಮೇಲೆ ಬ್ರಹ್ಮ ಬಂದರೂ ಅದನ್ನು ಅಳಿಸಲಾಗದು.

ಇಂಥ ಭದ್ರತೆಗೆ ಇಲ್ಲಿಯ ಮರ್ಯಾದೆ ನೋಡಿ: ಯಾರಿಗೇ ರಜೆ ಬೇಕಾದರೂ ಟೋಕನ್ ಭಾವನ ಡ್ರಾಯರಿಗೆ, ಪಿನ್ ಅವನ ಕಿವಿಗೆ. ಅಮ್ಮನ ಆಪರೇಷನ್ನಿಗೆ ಹೊರಟಾಗ ಅವಳೂ ಕೊಟ್ಟಳು, ಪೆದ್ದಿ.

ಈ ದಿನ ಮಧ್ಯಾಹ್ನ ರಜೆ ಮುಗಿಸಿ ಬಂದು ನೋಡಿದರೆ ಮೆಕ್ಯಾನಿಕ್ ಒಂದು ತಂಪು ಕೋಣೆಯ ಕಂಪ್ರೆಸರ್ ಬಿಚ್ಚಿಕೊಂಡು ಕೂತಿದ್ದಾನೆ. "ನಿನ್ನೆಯಿಂದ ಕೆಟ್ಟಿದೆ ಮೇಡಂ," ಎಂದ. ಆ ಕೋಣೆಯ ಲಸಿಕೆಗೆ ಬೆಳಿಗ್ಗೆಯೇ ಅವಳ ಹೆಸರಲ್ಲಿ ಸಹಿ ಬಿದ್ದು, ಲಾರಿ ಹೊರಟಾಗಿತ್ತು. ಎಳೆಗೂಸುಗಳಿಗೆ ಚುಚ್ಚುವ ಲಸಿಕೆ ಅದು.

"ಸ್ವಲ್ಪ ಬಿಸಿಯಾದ್ರೆ ಏನೂ ಆಗಲ್ಲ," ಎಂದ ಭಾವ.

"ಆದ್ರೆ? ಯಾವುದಾದ್ರೂ ಮಗುವಿಗೆ ರೋಗ ಬಂದ್ರೆ?"

"ಸಹಿ ನಿಂದಲ್ವಾ. ನನ್ನ ಯಾಕೆ ಕೇಳ್ತೀಯ?"

ನಾಚಿಕೆ ಬೇಡವೇ ಮನುಷ್ಯನಿಗೆ? ಅಷ್ಟರಲ್ಲಿ ಅಕ್ಕನ ಫೋನು; ಭಾವನೇ ಹೇಳಿ ಮಾಡಿಸಿರಬೇಕು. "ಅವರ ಕೆಲಸ ಹೋದ್ರೆ ನಮ್ಮ ಗತಿ ಏನೇ? ಸುಮ್ನಿದ್ದುಬಿಡೇ." ಅಕ್ಕನ ಅಳು ಕೇಳಿ ಅಯ್ಯೋ ಎನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಜಾಲದ ಗುರುತು ನೋಡಿಕೊಳ್ಳುವ ಕಚೇರಿಗೆ ಫೋನ್ ಹಚ್ಚಿದಳು.

"ನನ್ನ ಗುರುತು ರದ್ದು ಮಾಡಿ. ಟೋಕನ್ ನನ್ನ ಹತ್ರ ಇರ್ಲಿಲ್ಲ."

"ಕಳೆದುಹೋಯ್ತು ಅಂತ ಬರ್ಕೊಳ್ಳಲಾ?" ಎಂದಳು ಆ ಕಡೆಯವಳು. "ನಿಮ್ಮ ಕೆಲಸ ಉಳಿಯುತ್ತೆ. ಇನ್ಮುಂದೆ ಆ ಟೋಕನ್ನಿನ ಸಹಿ ನಡೆಯಲ್ಲ, ಅಷ್ಟೇ."

"ಬೆಳಿಗ್ಗೆದು? ಲಾರಿ ನಿಲ್ಬೇಕು."

"ಅದನ್ನ ಅಳಿಸೋಕಾಗಲ್ಲ. ಸುಳ್ಳು ಸಹಿ ಅಂತ ಬರೆದು ಲಾರಿ ನಿಲ್ಲಿಸ್ಬೇಕಾದ್ರೆ, ಟೋಕನ್ ನೀವೇ ಕೊಟ್ಟಿದ್ದು ಅಂತ ಒಪ್ಕೋಬೇಕು, ಯಾರಿಗೆ ಅಂತ ಹೆಸರೂ ಹೇಳ್ಬೇಕು. ಆಮೇಲೆ ನಿಮ್ಮಿಬ್ಬರನ್ನೂ ಈ ಜಾಲಕ್ಕೆ ಯಾವತ್ತೂ ಸೇರಿಸ್ಕೊಳ್ಳಲ್ಲ."

ಭಾವ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. ಇಷ್ಟು ವರ್ಷ ಇಲ್ಲದ ವಿನಯ ಈಗ ಎಲ್ಲಿಂದ ಉಕ್ಕಿತೋ. ಅವಳು ಅವನನ್ನೇ ದಿಟ್ಟಿಸಿದಳು.

"ನಾನೇ ಕೊಟ್ಟೆ," ಎಂದಳು ಫೋನಿಗೆ. "ಮ್ಯಾನೇಜರ್ ಕೈಗೆ. ನಮ್ಮ ಭಾವ. ಹೆಸರು ಹೇಳ್ತೀನಿ, ಬರ್ಕೊಳ್ಳಿ."