ಸಣ್ಣ ಎಂಜಿನ್ನಿನ ಗಿರಾಕಿ

ಚಾವಣಿ ತೆಗೆದೇ ಓಡಿಸಬೇಕು ಎಂದು ಚಿಜುರು ಹಟ ಹಿಡಿದದ್ದು ಗಾಳಿಯ ಆಸೆಗಲ್ಲ, ಪಕ್ಕದ ಸೀಟಿನಲ್ಲಿ ಕೂತ ಸೇಲ್ಸ್‌ಮನ್ ಕುವಾಬಾರಾನ ಕಿವಿ ಚಳಿಗೆ ಸೆಟೆದುಹೋಗಲಿ ಎಂದು. ಫೆಬ್ರವರಿಯ ಬೆಳಿಗ್ಗೆ. ಮತ್ಸುಯಾಮಾ ದಾಟಿ ಕಡಲ ದಂಡೆಯ ರಸ್ತೆಗೆ ಬಿದ್ದ ಮೇಲಂತೂ ಗಾಳಿ ನೇರ ಮುಖಕ್ಕೇ ಬಡಿಯುತ್ತಿತ್ತು. ಅವಳು ಉಣ್ಣೆಯ ಟೋಪಿ, ಮಫ್ಲರು, ಕೈಗವಸು ಎಲ್ಲ ಹಾಕಿಕೊಂಡು ಸಜ್ಜಾಗಿಯೇ ಬಂದಿದ್ದಳು. ಅವನು ತೆಳುವಾದ ಸೂಟಿನಲ್ಲಿದ್ದ. ಗ್ರಾಹಕರು ಕೇಳಿದ ಮೇಲೆ ಆಗುವುದಿಲ್ಲ ಎನ್ನುವ ಹಾಗಿಲ್ಲವಲ್ಲ, ಸೋರುವ ಮೂಗನ್ನೂ ಒರೆಸಿಕೊಳ್ಳದೆ, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಎಂಜಿನ್ನಿನ ಗುಣಗಾನ ಮಾಡುತ್ತಿದ್ದ.

"ಇದು ಎರಡು ಲೀಟರಿನ ಎಂಜಿನ್ನು, ಇವಾಸೆ-ಸಾಮಾ. ಚಾವಣಿ ಗಟ್ಟಿ ತಗಡಿಂದು, ಗುಂಡಿ ಒತ್ತಿದ್ರೆ ತಾನೇ ಮಡಚ್ಕೊಂಡು ಹಿಂದಕ್ಕೆ ಹೋಗುತ್ತೆ. ಏರಲ್ಲಿ ಗೇರು ಇಳಿಸೋ ತಾಪತ್ರಯಾನೇ ಇಲ್ಲ."

"ತೂಕ ಹೆಂಗೆ?"

"ಸಣ್ಣ ಎಂಜಿನ್ನಿನ ಗಾಡಿಗಿಂತ, ಒಬ್ಬ ದಪ್ಪನೆಯ ಆಳು ಹೆಚ್ಚಿಗೆ ಹತ್ತಿದಷ್ಟು ಆಗುತ್ತೆ."

"ಹಂಗಾದ್ರೆ ಆ ಮಹಾರಾಯನ್ನ ದಿನಾ ಬಿಟ್ಟಿ ಹೊತ್ಕೊಂಡು ತಿರುಗ್ಬೇಕು ಅನ್ನಿ."

ಕುವಾಬಾರಾ ನಕ್ಕ. ಗ್ರಾಹಕರು ಏನು ಹೇಳಿದರೂ ನಗುವ ನಗು ಅದು. ಮದುವೆಯ ನಂತರದ ಇವಾಸೆ ಎಂಬ ಹೆಸರಿನಲ್ಲಿ ಬಂದ ಅವಳ ಗುರುತು ಅವನಿಗೆ ಹತ್ತಿರಲಿಲ್ಲ. ಹತ್ತದಿದ್ದುದೇ ಒಳ್ಳೆಯದಾಯಿತು ಎಂದುಕೊಂಡ ಚಿಜುರು, ಮುಂದಿನ ತಿರುವನ್ನು ಅವನ ಭುಜ ಬಾಗಿಲಿಗೆ ಬಡಿಯುವಷ್ಟು ಬಿಗಿಯಾಗಿ ತೆಗೆದುಕೊಂಡಳು.

ಇಪ್ಪತ್ತಮೂರು ವರ್ಷದ ಹಿಂದೆ ಅವಳು ನಾಗಾಯ್ ಚಿಜುರು. ಈಗ ಈ ಗಾಡಿಯನ್ನು ಓಡಿಸಿ ನೋಡಲು ಕೊಟ್ಟ ಇದೇ ಷೋರೂಮಿನಲ್ಲಿ ಗಾಡಿ ಮಾರುತ್ತಿದ್ದ ಒಬ್ಬಳೇ ಹೆಂಗಸು. ಕುವಾಬಾರಾ ಶಾಖೆಯ ಮುಖ್ಯಸ್ಥ. ಒಂದು ದಿನ ಹಲ್ಲಿನ ಡಾಕ್ಟರೊಬ್ಬರು ಚಾವಣಿ ತೆಗೆಯಬಹುದಾದ, ಎರಡೇ ಸೀಟಿನ ರೋಡ್‌ಸ್ಟರ್ ಕೊಳ್ಳಲು ಬಂದರು. ಆಗಲೂ ಎರಡು ಎಂಜಿನ್ನುಗಳಿದ್ದವು, ಒಂದು ಸಣ್ಣದು, ಒಂದು ದೊಡ್ಡದು. ಯಾವುದು ಕೊಳ್ಳಲಿ ಎಂದು ಡಾಕ್ಟರು ತಲೆ ಕೆರೆದುಕೊಳ್ಳುತ್ತಿದ್ದಾಗ ಚಿಜುರು ಎರಡನ್ನೂ ಓಡಿಸಲು ಕೊಟ್ಟು, ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟಳು. "ಪೂರ್ತಿ ಬಳಸೋಕಾಗದ ಬಲಕ್ಕೆ ಯಾಕೆ ದುಡ್ಡು ಸುರೀತೀರಿ? ಸಣ್ಣದನ್ನ ಕೊನೇ ತನಕ ಹಿಂಡಿ ಓಡಿಸೋದ್ರಲ್ಲೇ ಮಜಾ ಇರೋದು." ಡಾಕ್ಟರು ಖುಷಿಯಿಂದ ಸಣ್ಣದನ್ನೇ ಕೊಂಡರು. ಆ ತಿಂಗಳು ದೊಡ್ಡ ಎಂಜಿನ್ನಿನ ಗಾಡಿಗಳನ್ನೇ ಮಾರಿಸುತ್ತೇನೆಂದು ಕುವಾಬಾರಾ ಮುಖ್ಯ ಕಚೇರಿಗೆ ಮಾತು ಕೊಟ್ಟಿದ್ದ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ಎಂದೋ ಮರೆತಿರುತ್ತಿದ್ದಳು. ಮಾರನೆಯ ದಿನ ಬೆಳಗಿನ ಸಭೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಕಂಪನಿಯ ಧ್ಯೇಯವಾಕ್ಯ ಹೇಳಿ ಮುಗಿಸಿದ ಮೇಲೆ ಅವಳನ್ನು ಮುಂದಕ್ಕೆ ಕರೆದು, ತಾನೇ ರಚಿಸಿದ ಇನ್ನೊಂದು ವಾಕ್ಯ ಹೇಳಿಸಿದ. "ಸಣ್ಣದನ್ನು ಮಾರಿ ಎಲ್ಲರ ಅನ್ನಕ್ಕೆ ಕಲ್ಲು ಹಾಕಿದವಳು ನಾನು." ದನಿ ಸಾಲದು ಎಂದು ಮತ್ತೆ ಹೇಳಿಸಿದ. ಮೆಕ್ಯಾನಿಕ್‌ಗಳು ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಒಂದು ದಿನದ ಮಾತಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಇಡೀ ಚಳಿಗಾಲ, ದಿನಾ ಬೆಳಿಗ್ಗೆ ಹೇಳಿಸಿದ. ಕೊನೆಗೆ ಅವಳು ರಾಜೀನಾಮೆ ಕೊಟ್ಟಾಗ ಸಹಿಯ ಬದಲು ಒತ್ತುವ ಹೆಸರಿನ ಮೊಹರು ಓರೆಯಾಗಿ ಬಿದ್ದಿದೆ ಎಂದು ಹೊಸದಾಗಿ ಬರೆಸಿದ. ಅಂಥ ಮನುಷ್ಯ.

ಆಮೇಲೆ ಮದುವೆಯಾಯಿತು, ಹೆಸರು ಇವಾಸೆ ಎಂದಾಯಿತು. ಗಂಡನ ಮನೆಯವರದು ಜಾಕೊತೆನ್ ಅಂಗಡಿ. ಸಣ್ಣ ಮೀನನ್ನು ಮೂಳೆ ಸಮೇತ ಅರೆದು, ಬಿಲ್ಲೆ ತಟ್ಟಿ, ಎಣ್ಣೆಯಲ್ಲಿ ಕರಿದು ಮಾರುವ ಕೆಲಸ. ಮಾರುವುದು ಚಿಜುರುಗೆ ಕೈಬಂದ ವಿದ್ಯೆ. ಒಂದು ಅಂಗಡಿ ಮೂರಾಯಿತು. ಕೈತುಂಬ ಕೆಲಸ, ಒಳ್ಳೆಯ ಗಂಡ, ಕಡಿಮೆ ಏನಿರಲಿಲ್ಲ. ಆದರೂ ಬಾಣಲೆಯ ಮುಂದೆ ನಿಂತಾಗ ಒಮ್ಮೊಮ್ಮೆ ಆ ವಾಕ್ಯ ತಾನಾಗಿ ನಾಲಗೆಯ ತುದಿಗೆ ಬಂದುಬಿಡುತ್ತಿತ್ತು. ಆಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೊಸವರ್ಷದ ಪತ್ರಿಕೆಯೊಳಗೆ ಮಡಚಿ ಬಂದ ಕರಪತ್ರದಲ್ಲಿ ಅವನ ಫೋಟೊ ಇತ್ತು. 'ಅನುಭವಿ ಸಲಹೆಗಾರ, ಯಾವ ಪ್ರಶ್ನೆಯಾದರೂ ಕೇಳಿ' ಎಂದು ಕೆಳಗೆ ಬರೆದಿತ್ತು. ಅರುವತ್ತಕ್ಕೆ ನಿವೃತ್ತನಾದವನನ್ನು ಅರ್ಧ ಸಂಬಳಕ್ಕೆ, ವರ್ಷದಿಂದ ವರ್ಷಕ್ಕೆ ಒಪ್ಪಂದದ ಮೇಲೆ, ಸಾಮಾನ್ಯ ಸೇಲ್ಸ್‌ಮನ್ನಾಗಿ ಮತ್ತೆ ಇಟ್ಟುಕೊಂಡಿದ್ದರು. ಈಗ ಶಾಖೆಯ ಮುಖ್ಯಸ್ಥ ಒಕಿತ್ಸು, ಒಂದು ಕಾಲಕ್ಕೆ ಕುವಾಬಾರಾನ ಬ್ಯಾಗು ಹೊತ್ತುಕೊಂಡು ಹಿಂದೆ ಹಿಂದೆ ಓಡುತ್ತಿದ್ದವನು. ಚಿಜುರು ಆ ಕರಪತ್ರವನ್ನು ಎರಡು ದಿನ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡಿದ್ದು, ಮೂರನೆಯ ದಿನ ಗಂಡನಿಗೆ ತಾನೊಂದು ರೋಡ್‌ಸ್ಟರ್ ಕೊಳ್ಳುವುದಾಗಿ ಹೇಳಿದಳು.

"ಎರಡೇ ಸೀಟಿನ ಗಾಡಿನಾ? ಮೀನಿನ ಕ್ರೇಟು ಎಲ್ಲಿಡ್ತೀಯ?" ಎಂದ ಗಂಡ.

"ನಿಮ್ಮ ತೊಡೆ ಮೇಲೆ."

ಅವನು ನಗುತ್ತ ಅಂಗಡಿಗೆ ಹೊರಟ. ಯಾವ ಷೋರೂಮು ಎಂದು ಕೇಳಿದ್ದರೆ ಅವನಿಗೂ ಅರ್ಥವಾಗುತ್ತಿತ್ತು.

ಅವಳಿಗೆ ಬೇಕಾಗಿದ್ದುದು ಒಂದೇ. ಅದೇ ಷೋರೂಮಿನಲ್ಲಿ, ನಾಲ್ಕು ಜನರ ಮುಂದೆ, ಅವನ ಬಾಯಿಂದಲೇ ಸಣ್ಣ ಎಂಜಿನ್ನೇ ಸರಿ ಎಂದು ಹೇಳಿಸಬೇಕು. ಹೇಳಿದ ಮರುಗಳಿಗೆ ತಾನು ಯಾರೆಂದು ತಿಳಿಸಬೇಕು, ಅವನ ಮುಖ ಕಪ್ಪಿಡುವುದನ್ನು ಕಣ್ಣು ತುಂಬ ನೋಡಬೇಕು. ಅವನು ದೊಡ್ಡದನ್ನೇ ತಲೆಗೆ ಕಟ್ಟಲು ನೋಡುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಅದಕ್ಕೆಂದೇ ರಸ್ತೆ ತೆರಿಗೆ, ವಿಮೆ, ಟೈರು, ಪೆಟ್ರೋಲು, ಹಳತಾದ ಮೇಲೆ ಮಾರಿದರೆ ಬರುವ ಬೆಲೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು, ಅವನನ್ನು ಮೂಲೆಗೆ ತಳ್ಳಲು ಕಾದಿದ್ದಳು.

ಎರಡನೆಯ ವಾರ ಸಣ್ಣ ಎಂಜಿನ್ನಿನ ಗಾಡಿ ಓಡಿಸಲು ಹೋದಳು. ಒಂದೂವರೆ ಲೀಟರು, ಕೈಯಿಂದಲೇ ಎತ್ತಿ ಹಿಂದಕ್ಕೆ ಹಾಕುವ ಬಟ್ಟೆಯ ಚಾವಣಿ, ಬೆಲೆ ದೊಡ್ಡದಕ್ಕಿಂತ ಏಳೆಂಟು ಲಕ್ಷ ಯೆನ್ ಕಡಿಮೆ. ಅಂದೂ ಚಾವಣಿ ತೆಗೆಸಿದಳು. ಕುವಾಬಾರಾ ಈ ಸಲ ಬುದ್ಧಿ ಕಲಿತು ಕುತ್ತಿಗೆಗೆ ಟವೆಲು ಸುತ್ತಿಕೊಂಡು ಬಂದಿದ್ದ. ಫುತಾಮಿ ಕಡೆಯ ಏರಿನಲ್ಲಿ, ಕಿತ್ತಳೆ ತೋಟಗಳ ನಡುವೆ, ಅವಳು ಎರಡನೆಯ ಗೇರಿನಲ್ಲಿ ಎಂಜಿನ್ನನ್ನು ಪೂರ್ತಿ ಎಳೆದಳು. ಗಾಡಿ ಕಿರುಚಿಕೊಂಡು ಏರಿತು. ತಿರುವಿನಲ್ಲಿ ಮೂತಿ ಅವಳು ನೋಡಿದತ್ತಲೇ ತಿರುಗಿತು. ದೊಡ್ಡದರಲ್ಲಿ ಅರ್ಧ ಕೆಲಸವನ್ನು ಎಂಜಿನ್ನೇ ಮಾಡಿ ಮುಗಿಸುತ್ತಿತ್ತು, ಇದರಲ್ಲಿ ಪ್ರತಿಯೊಂದಕ್ಕೂ ಅವಳೇ ಬೇಕು. ತುದಿಗೆ ಬಂದು ಕಡಲು ಕಂಡಾಗ ಅವಳು ಬಾಯಿ ಬಿಟ್ಟು ನಗುತ್ತಿದ್ದಳು. ಪಕ್ಕದಲ್ಲಿ ಯಾರು ಕೂತಿದ್ದಾರೆಂಬುದು ನೆನಪಾದದ್ದು ಆಮೇಲೆ. ಆ ಪಾಪಿಯ ಎದುರಿಗೆ ಹಲ್ಲು ಬಿಟ್ಟೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂದು, ಇಳಿಜಾರಿನ ತಿರುವುಗಳನ್ನು ಇನ್ನಷ್ಟು ಬಿಗಿಯಾಗಿ ತೆಗೆದುಕೊಂಡಳು.

ಮಾರ್ಚಿನ ಮೊದಲ ಭಾನುವಾರ ಷೋರೂಮು ತುಂಬಿತ್ತು. ಬೇಕೆಂದೇ ಆ ದಿನ ಆರಿಸಿಕೊಂಡಿದ್ದಳು. ಪಕ್ಕದ ಮೇಜಿನಲ್ಲಿ ಒಂದು ಸಂಸಾರ ವ್ಯಾನು ನೋಡುತ್ತಿತ್ತು, ಗಾಜಿನ ಬಾಗಿಲ ಬಳಿ ಒಕಿತ್ಸು ನಿಂತಿದ್ದ. ಹಿಂದಿನ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ಸೆನೊ ಎಂಬ ಹುಡುಗಿ ಬಣ್ಣದ ಮಾದರಿಗಳನ್ನು ಜೋಡಿಸುತ್ತಿದ್ದಳು. ಚಿಜುರು ಎಲ್ಲರಿಗೂ ಕೇಳುವಷ್ಟು ದನಿ ಎತ್ತಿ ಕೇಳಿದಳು.

"ಎರಡನ್ನೂ ಓಡಿಸಿದ್ದಾಯ್ತು, ಕುವಾಬಾರಾ-ಸಾನ್. ಈಗ ನೀವೇ ಹೇಳಿ. ನನಗೆ ಯಾವ ಎಂಜಿನ್ನು ಸರಿ?"

ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

"ಸಣ್ಣದೇ, ಇವಾಸೆ-ಸಾಮಾ. ಪೂರ್ತಿ ಬಳಸೋಕಾಗದ ಬಲಕ್ಕೆ ಯಾಕೆ ದುಡ್ಡು ಸುರೀತೀರಿ? ಸಣ್ಣದನ್ನ ಕೊನೇ ತನಕ ಹಿಂಡಿ ಓಡಿಸೋದ್ರಲ್ಲೇ ಮಜಾ ಇರೋದು. ಮೂವತ್ತು ವರ್ಷದಿಂದ ಎಲ್ಲಾ ಗ್ರಾಹಕರಿಗೂ ನಾನು ಇದನ್ನೇ ಹೇಳ್ಕೊಂಡು ಬಂದಿದ್ದೀನಿ."

ಒಕಿತ್ಸು ಬಾಗಿಲ ಬಳಿಯಿಂದಲೇ ನಕ್ಕು, ನಮ್ಮ ಕುವಾಬಾರಾ-ಸಾನ್ ಅವರ ಹೆಸರಾಂತ ಮಾತು ಅದು, ಹೊಸ ಹುಡುಗರಿಗೆಲ್ಲ ನಾವು ಅದನ್ನೇ ಕಲಿಸುತ್ತೇವೆ ಎಂದ. ಸೆನೊ ಕೂಡ ತಲೆ ಆಡಿಸಿದಳು.

ಯಾವ ಮಾತಿಗೆ ಒಂದು ಚಳಿಗಾಲವಿಡೀ ಚಿಜುರುವಿನ ಮಾನ ತೆಗೆದನೋ ಅದೇ ಮಾತನ್ನು, ಒಂದಕ್ಷರ ಬಿಡದೆ, ತನ್ನದೇ ಸ್ವಂತದ್ದೆಂಬಂತೆ ಇಟ್ಟುಕೊಂಡು ಇಷ್ಟು ವರ್ಷ ಅನ್ನ ತಿಂದಿದ್ದಾನೆ. ಅವಳು ಕಲಿತು ಬಂದ ತೆರಿಗೆ, ವಿಮೆ, ಟೈರಿನ ಲೆಕ್ಕವೆಲ್ಲ ದಂಡವಾಯಿತು. ಕೈಗವಸನ್ನು ಹಿಂಡುತ್ತ ಅವನ ಕಣ್ಣನ್ನೇ ದಿಟ್ಟಿಸಿದಳು.

"ನಾಗಾಯ್. ನಾಗಾಯ್ ಚಿಜುರು. ಮದುವೆಗೆ ಮುಂಚೆ ನನ್ನ ಹೆಸರು."

ಕುವಾಬಾರಾ ಹುಬ್ಬು ಗಂಟಿಕ್ಕಿದ. ನಿಜವಾಗಿಯೇ ನೆನಪನ್ನು ಕೆದಕುತ್ತಿದ್ದ, ನಟನೆಯಾಗಿರಲಿಲ್ಲ. ನಟನೆಯಾಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಮೇಲೆ ತಲೆ ಬಾಗಿಸಿ, ಬಹಳ ವಿನಯದಿಂದ ಕೇಳಿದ.

"ದಯವಿಟ್ಟು ಕ್ಷಮಿಸಬೇಕು. ಮುಂಚೆ ನಮ್ಮಲ್ಲಿ ಯಾವ ವರ್ಷ ಗಾಡಿ ತಗೊಂಡಿದ್ರಿ?"

ಇಪ್ಪತ್ತಮೂರು ವರ್ಷ ಅವಳು ಅವನನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಟ್ಟುಕೊಂಡಿದ್ದಳು. ಅವನ ತಲೆಯಲ್ಲಿ ಅವಳಿಗೆ ಒಂದು ಮೂಲೆಯೂ ಇರಲಿಲ್ಲ. ಹೇಳಿಬಿಡಲೇ ಎಂದು ಒಮ್ಮೆ ನಾಲಗೆ ತುರಿಸಿತು. ಹೇಳಿದರೆ ಏನಾಗುತ್ತದೆ? ಅಯ್ಯೋ ನೀವಾ, ಎಷ್ಟು ಬದಲಾಗಿದ್ದೀರಿ, ಆ ಕಾಲವೇ ಹಾಗಿತ್ತು ಬಿಡಿ ಎನ್ನುತ್ತಾನೆ. ಎದ್ದು ನಿಂತು ಕ್ಷಮೆ ಕೇಳುತ್ತಾನೆ, ಕ್ಷಮೆ ಕೇಳುವುದು ಅವನಿಗೆ ದಿನದ ಕೆಲಸ. ರಾತ್ರಿ ಮನೆಗೆ ಹೋಗಿ ನೆಮ್ಮದಿಯಾಗಿ ಸ್ನಾನ ಮಾಡಿ ಮಲಗುತ್ತಾನೆ. ಚಿಜುರು ಅವನಿಗೆ ಉತ್ತರ ಕೊಡದೆ ಒಕಿತ್ಸುವನ್ನು ಹತ್ತಿರ ಕರೆದಳು.

"ಸಣ್ಣದನ್ನೇ ತಗೋತೀನಿ. ಆದ್ರೆ ನನ್ನ ವ್ಯವಹಾರ ನೋಡ್ಕೊಳ್ಳೋರನ್ನ ಬದಲಾಯಿಸಿ. ಆ ಹುಡುಗಿಗೆ ಕೊಡಿ."

ಇಲ್ಲಿ ಗ್ರಾಹಕರು ಮೊದಲ ದಿನ ಯಾರ ಕೈಗೆ ಸಿಕ್ಕರೋ ಅವರೇ ಕೊನೆಯವರೆಗೂ ಹೊಣೆ, ಮಾರಾಟವೂ ಅವರ ಹೆಸರಿಗೇ. ಗ್ರಾಹಕರೇ ಬಾಯಿಬಿಟ್ಟು ಬದಲಾಯಿಸಿ ಎಂದರೆ ಆ ಸೇಲ್ಸ್‌ಮನ್ ಮಾಡಬಾರದ್ದು ಏನನ್ನೋ ಮಾಡಿದ್ದಾನೆ ಎಂದೇ ಅರ್ಥ. ಅದೂ ಮಾರ್ಚಿನಲ್ಲಿ. ಕುವಾಬಾರಾನ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬೇಕೋ ಬೇಡವೋ ಎಂದು ನಿರ್ಧಾರವಾಗುವ ತಿಂಗಳದು. ಚಿಜುರುಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ವ್ಯಾನು ನೋಡುತ್ತಿದ್ದ ಸಂಸಾರ ಇತ್ತ ತಿರುಗಿ ನೋಡಿತು. ಒಕಿತ್ಸು ಕೆಂಪಾಗಿ, ತನ್ನ ಹಳೆಯ ಯಜಮಾನನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಕುವಾಬಾರಾ ಕುರ್ಚಿ ಹಿಂದೆ ಸರಿಸಿ ಎದ್ದು, ಸೊಂಟದಿಂದ ಬಗ್ಗಿದ.

"ನನ್ನಿಂದ ಏನು ತಪ್ಪಾಯ್ತು ಅಂತ ದಯವಿಟ್ಟು ಹೇಳಿ. ತಿದ್ಕೋತೀನಿ."

"ಏನೂ ತಪ್ಪಾಗಿಲ್ಲ. ಬಹಳ ಚೆನ್ನಾಗಿ ವಿವರಿಸಿದ್ರಿ" ಎಂದಳು ಚಿಜುರು.

ಅವನು ತಲೆಯೆತ್ತಿದಾಗ ಕಣ್ಣಲ್ಲಿ ದಿಕ್ಕು ತೋಚದ ಭಯವಿತ್ತು. ಅವಳಿಗೆ ಅದು ರುಚಿಸಿತು. ಸುಳ್ಳು ಯಾಕೆ ಹೇಳಬೇಕು, ಬಹಳ ರುಚಿಸಿತು.

ಗಾಡಿ ಬರುವವರೆಗೆ ಸೆನೊ ಆಗಾಗ ಫೋನು ಮಾಡುತ್ತಿದ್ದಳು. ಚುರುಕು ಹುಡುಗಿ, ಬಾಯಿ ಸ್ವಲ್ಪ ಸಡಿಲ. ಕುವಾಬಾರಾ-ಸಾನ್ ಯಾಕೋ ಒಂಥರಾ ಆಗಿಬಿಟ್ಟಿದ್ದಾರೆ, ಹಳೆಯ ಗ್ರಾಹಕರ ಕಾರ್ಡುಗಳನ್ನೆಲ್ಲ ಕೆಳಗಿಳಿಸಿಕೊಂಡು ನಾಗಾಯ್ ಎಂಬ ಹೆಸರು ಹುಡುಕುತ್ತಾರೆ, ಒಂದೂ ಸಿಕ್ಕಿಲ್ಲ, ಊಟಕ್ಕೂ ಏಳುವುದಿಲ್ಲ ಎಂದು ಒಮ್ಮೆ ಹೇಳಿದಳು. ಏಪ್ರಿಲ್‌ನಿಂದ ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದೂ ಸೇರಿಸಿದಳು. ಚಿಜುರು ಅಯ್ಯೋ ಪಾಪ ಎಂದು ಫೋನಿಟ್ಟು, ಆ ದಿನ ಸಂಜೆ ಗಂಡನಿಗೆ ಇಷ್ಟವೆಂದು ಒಳ್ಳೆಯ ಸಾಕೆ ಮದ್ಯ ತಂದಳು.

ಮಾರ್ಚಿನ ಕೊನೆಯ ವಾರ ಗಾಡಿ ತೆಗೆದುಕೊಳ್ಳಲು ಹೋದಳು. ಗಂಡ ಅಂಗಡಿ ಬಿಟ್ಟು ಬರಲಾರೆನೆಂದ. ಸೆನೊ ಹೂಗುಚ್ಛ ಕೊಟ್ಟಳು, ಕೀಲಿ ಕೊಟ್ಟಳು, ಒಕಿತ್ಸು ಫೋಟೊ ತೆಗೆದ. ಚಿಜುರು ಬಟ್ಟೆಯ ಚಾವಣಿಯನ್ನು ತಾನೇ ಎತ್ತಿ ಹಿಂದಕ್ಕೆ ಮಡಚಿ, ಗಾಡಿಯನ್ನು ಮೆಲ್ಲಗೆ ಗೇಟಿನ ತನಕ ತಂದಳು. ಕಂಪನಿಯ ರೂಢಿಯಂತೆ ಎಲ್ಲರೂ ಬೀಳ್ಕೊಡಲು ಹೊರಗೆ ಬಂದು ಸಾಲಾಗಿ ನಿಂತರು. ಮೆಕ್ಯಾನಿಕ್‌ಗಳು, ಒಕಿತ್ಸು, ಸೆನೊ, ಸಾಲಿನ ಕೊನೆಯಲ್ಲಿ ಕುವಾಬಾರಾ. ಅವನು ಸೊರಗಿದ್ದ, ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಒಕಿತ್ಸು ಧನ್ಯವಾದ ಎನ್ನುತ್ತಲೇ ಎಲ್ಲರೂ ಒಟ್ಟಿಗೆ ಬಗ್ಗಿದರು. ಗ್ರಾಹಕರ ಗಾಡಿ ಕಣ್ಮರೆಯಾಗುವ ತನಕ ಯಾರೂ ತಲೆ ಎತ್ತುವಂತಿಲ್ಲ.

ಚಿಜುರು ಎಡಕ್ಕೆ ಸೂಚನೆಯ ದೀಪ ಹಾಕಿದಳು. ಕ್ಲಚ್ ಒತ್ತಿ ಮೊದಲ ಗೇರಿಗೆ ಹಾಕಿದಳು. ಸಣ್ಣ ಎಂಜಿನ್ನು ಒಂದೇ ಸಮನೆ ಗುನುಗುತ್ತಿತ್ತು. ಕನ್ನಡಿಯಲ್ಲಿ ಬಗ್ಗಿದ ಬೆನ್ನುಗಳ ಸಾಲು ಕಾಣುತ್ತಿತ್ತು. ಸೆನೊಳ ಕೂದಲು ಮುಖದ ಮುಂದೆ ಇಳಿಬಿದ್ದಿತ್ತು. ಕುವಾಬಾರಾನ ಕೈಗಳು ತೊಡೆಯಿಂದ ಜಾರಿ ಮೊಣಕಾಲನ್ನು ಹಿಡಿದುಕೊಂಡಿದ್ದವು, ಬೆನ್ನು ಸಣ್ಣಗೆ ನಡುಗುತ್ತಿತ್ತು.

ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ರಸ್ತೆ ಎರಡೂ ಕಡೆ ಖಾಲಿಯಿತ್ತು, ಗಾಡಿ ಮಾತ್ರ ಗೇಟಿನಲ್ಲೇ ನಿಂತಿತ್ತು. ಕ್ಲಚ್ಚಿನ ಮೇಲಿಟ್ಟ ಕಾಲನ್ನು ಅವಳು ಎತ್ತಲಿಲ್ಲ.